ಮಾಷ್ಟ್ರಲ್ಲಿ ಕೇಳಿ: ಬೆಲ್ಲ ನಾಲಿಗೆಗೆ ತಾಗಿದ ಕೂಡಲೆ ಇನ್ಸುಲಿನ್ ಬರ್ತದಾ?

ಈ ತಿಂಗಳು ಅಡಿಕೆಯ ಕೊಳೆರೋಗ, ಮಂಗಗಳ ಉಪದ್ರ ಎಲ್ಲ ಬದಿಗಿಟ್ಟು ಶುಗರಿನ ಪ್ರಶ್ನೆಗಳನ್ನೇ ತಗೊಂಡಿದ್ದೇನೆ. ಪೆರ್ಲದಿಂದ ಬಂದ ಒಂದು ಪತ್ರ ಅಷ್ಟು ಗಮ್ಮತ್ತಿನದ್ದು, ಮತ್ತೆ ಉಳಿದವರು ಕೇಳಿದ್ದೂ ಸುತ್ತಿ ಬಳಸಿ ಅಲ್ಲಿಗೇ ಬಂದು ಮುಟ್ತದೆ. ಒಂದು ಮಾತು ಮೊದಲೇ ಹೇಳಿಬಿಡ್ತೇನೆ, ನಾನು ಜೀವಶಾಸ್ತ್ರ ಪಾಠ ಮಾಡಿದವ, ಡಾಕ್ಟ್ರಲ್ಲ. ಮಾತ್ರೆ ಹೆಚ್ಚು ಕಮ್ಮಿ ಮಾಡುವ ವಿಷಯ ಇದ್ರೆ ನಿಮ್ಮ ಡಾಕ್ಟ್ರಲ್ಲಿ ಕೇಳಿ, ಈ ಪುಟ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಅವರ ಹತ್ರ ಜಗಳಕ್ಕೆ ಹೋಗ್ಬೇಡಿ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಮಾವನಿಗೆ ಶುಗರ್ ಸುರುವಾಗಿ ಸುಮಾರು ವರ್ಷ ಆಯ್ತು. ಯಾರ ಮನೆಗೆ ಹೋದ್ರೂ ಆಸರಿಗೆ ಅಂತ ಬೆಲ್ಲ ನೀರು ತಂದಿಡ್ತಾರಲ್ವಾ, ಇವರು ಬೆಲ್ಲದ ತುಂಡು ಬಾಯಿಗೆ ಹಾಕಿ ಚೆಂದ ಮಾಡಿ ಚೀಪಿ, ಮತ್ತೆ ಅಂಗಳದ ಬದಿಗೆ ಹೋಗಿ ಉಗಿದು ಬರ್ತಾರೆ. ಹೊಟ್ಟೆಗೆ ಹೋಗದಿದ್ರೆ ಎಂತ ತೊಂದ್ರೆ ಅಂತ ಅವರ ವಾದ. ನರ್ಸಿಂಗ್ ಕಲಿಯುವ ನನ್ನ ನಾದಿನಿ, ಅಪ್ಪಾ ಸಿಹಿ ನಾಲಿಗೆಗೆ ತಾಗಿದ್ರೆ ಸಾಕು ಇನ್ಸುಲಿನ್ ಬಿಡುಗಡೆ ಆಗ್ತದೆ, ಉಗಿದ್ರೂ ದೇಹಕ್ಕೆ ಗೊತ್ತಾಗ್ತದೆ ಅಂದ್ಳು. ಅದಕ್ಕೆ ಮಾವ, ಇನ್ಸುಲಿನ್ ಬರ್ತದಾದ್ರೆ ಒಳ್ಳೇದೇ ಆಯ್ತಲ್ಲ, ಇನ್ನು ದಿನಾ ಚೀಪ್ತೇನೆ ಅಂತ ಕೂತಿದ್ದಾರೆ. ಮನೆಯಲ್ಲಿ ದಿನಾ ಇದೇ ಚರ್ಚೆ. ಯಾರು ಸರಿ?
– ಓದುಗರೊಬ್ಬರು, ಪೆರ್ಲ

ಉತ್ತರ: ಅಕ್ಕ, ನಿಮ್ಮ ನಾದಿನಿ ಕ್ಲಾಸಿನಲ್ಲಿ ನಿದ್ದೆ ಮಾಡುವುದಿಲ್ಲ ಅಂತ ಗೊತ್ತಾಯ್ತು. ಅವಳು ಹೇಳಿದ್ದರಲ್ಲಿ ಮುಕ್ಕಾಲುಪಾಲು ಸರಿ. ಮಾವನದ್ದು ತರ್ಕ ಒಳ್ಳೇದುಂಟು, ಲೆಕ್ಕ ಮಾತ್ರ ತಪ್ಪು.

ನಾವು ಶಾಲೆಯಲ್ಲಿ ಕಲಿತದ್ದು, ಕಲಿಸಿದ್ದೂ, ಹೀಗೆ: ತಿಂದದ್ದು ಹೊಟ್ಟೆಗೆ, ಅಲ್ಲಿಂದ ಸಣ್ಣ ಕರುಳಿಗೆ, ಅಲ್ಲಿ ಗ್ಲೂಕೋಸ್ ರಕ್ತಕ್ಕೆ ಸೇರ್ತದೆ, ರಕ್ತದಲ್ಲಿ ಗ್ಲೂಕೋಸ್ ಏರಿದ್ದನ್ನು ನೋಡಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಅದನ್ನು ಇಳಿಸುವ ಇನ್ಸುಲಿನ್ ಬಿಡ್ತವೆ. ಇದು ಸುಳ್ಳಲ್ಲ, ದೊಡ್ಡ ಪಾಲು ಇನ್ಸುಲಿನ್ ಬರುವುದು ಹೀಗೆಯೇ, ಜೊತೆಗೆ ಕರುಳಿನಿಂದ ಹೊರಡುವ ಜಿಎಲ್‌ಪಿ-1 ತರದ ಹಾರ್ಮೋನುಗಳೂ ಒತ್ತಾಸೆಗೆ ಉಂಟು. ಆದ್ರೆ ಬಾಯಿಗೆ ತುತ್ತಿಟ್ಟು ಅಗಿಯುವಾಗ ನಿಮಿಷ ನಿಮಿಷಕ್ಕೂ ರಕ್ತ ತೆಗೆದು ನೋಡಿದವರಿಗೆ ಬೇರೆ ಒಂದು ವಿಷಯ ಕಂಡಿತು. ತುತ್ತು ಬಾಯಲ್ಲಿ ಬಿದ್ದು ಎರಡು ನಿಮಿಷ ಆಗುವಷ್ಟರಲ್ಲಿ ಇನ್ಸುಲಿನ್ ಸ್ವಲ್ಪ ಏರ್ಲಿಕ್ಕೆ ಸುರುವಾಗ್ತದೆ, ನಾಲ್ಕನೇ ನಿಮಿಷದ ಹೊತ್ತಿಗೆ ತುದಿ ಮುಟ್ತದೆ, ಎಂಟು ಹತ್ತು ನಿಮಿಷದಲ್ಲಿ ಪುನಃ ಮೊದಲಿನ ಮಟ್ಟಕ್ಕೆ ಇಳೀತದೆ. ಆ ಹೊತ್ತಿಗೆ ರಕ್ತದ ಗ್ಲೂಕೋಸ್ ಇನ್ನೂ ಅಲ್ಲಾಡಿಯೂ ಇರುವುದಿಲ್ಲ! ಅಂದ್ರೆ ಸುದ್ದಿ ರಕ್ತದ ಮೂಲಕ ಹೋದದ್ದಲ್ಲ, ನರದ ಮೂಲಕ ಹೋದದ್ದು. ನಾಲಿಗೆಯ ರುಚಿ ಕೋಶದಿಂದ ಮೆದುಳಿನ ಬುಡಕ್ಕೆ, ಅಲ್ಲಿಂದ ವೇಗಸ್ ಅನ್ನುವ ಉದ್ದದ ನರ ಹಿಡಿದು ಸೀದ ಮೇದೋಜೀರಕಕ್ಕೆ. ಮದುವೆ ಮನೆಯಲ್ಲಿ ದಿಬ್ಬಣ ಸೀತಾಂಗೋಳಿ ದಾಟಿತು ಅಂತ ಫೋನ್ ಬಂದ ಕೂಡಲೆ ಅಡುಗೆಯವರು ಒಲೆ ದೊಡ್ಡ ಮಾಡ್ತಾರಲ್ವಾ, ಜನ ಚಪ್ಪರಕ್ಕೆ ಬಂದು ಕೂತ ಮೇಲೆ ಅಲ್ಲ, ಹಾಗೆ ಇದು. ತಲೆಯಿಂದ ಸುರುವಾಗುವ ಕಾರಣ ಸೆಫಾಲಿಕ್ ಫೇಸ್ ಅಂತ ಹೆಸರಿಟ್ಟಿದ್ದಾರೆ.

ಈ ದಾರಿಯನ್ನು ಮೊದಲು ತೋರಿಸಿದ್ದು ರಷ್ಯಾದ ಇವಾನ್ ಪಾವ್ಲೋವ್. ಪಾವ್ಲೋವ್ ಅಂದ್ರೆ ಎಲ್ರಿಗೂ ಗಂಟೆ ಮತ್ತು ನಾಯಿಯ ಜೊಲ್ಲು ಮಾತ್ರ ನೆನಪಾಗುವುದು, ಆದ್ರೆ ಅವರಿಗೆ 1904ರಲ್ಲಿ ನೊಬೆಲ್ ಸಿಕ್ಕಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಾಯಿಯ ಅನ್ನನಾಳವನ್ನು ಕುತ್ತಿಗೆಯ ಹತ್ರ ಹೊರಗೆ ತೆರೆದಿಟ್ಟು, ತಿಂದ ಮಾಂಸ ಹೊಟ್ಟೆಗೆ ಇಳಿಯದೆ ಅಲ್ಲಿಂದಲೇ ಹೊರಗೆ ಬೀಳುವ ಹಾಗೆ ಮಾಡಿ ನೋಡಿದ್ರು. ಹೊಟ್ಟೆ ಖಾಲಿ, ಆದ್ರೂ ಜಠರರಸ ಧಾರಾಳ ಬಂತು. ವೇಗಸ್ ನರ ಕತ್ತರಿಸಿದ್ರೆ ನಿಂತಿತು. ಆಗ ಇನ್ಸುಲಿನ್ ಅಂತ ಒಂದು ಉಂಟು ಅಂತಲೇ ಜಗತ್ತಿಗೆ ಗೊತ್ತಿರಲಿಲ್ಲ, ಅದು ಟೊರಾಂಟೊದಲ್ಲಿ ಸಿಕ್ಕಿದ್ದು 1921ರಲ್ಲಿ. ಮನುಷ್ಯರ ಮೇಲೆ ಇನ್ಸುಲಿನಿನ ಈ ಕೆಲಸವನ್ನು ಜಾಸ್ತಿ ಮಾಡಿದವರು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿದ್ದ ಕರೆನ್ ಟೆಫ್. ಅವರ ವಿಧಾನ ಎಂತ ಗೊತ್ತುಂಟಾ? ತಿಂಡಿಯನ್ನು ಬಾಯಲ್ಲಿ ಅಗಿದು, ರುಚಿ ನೋಡಿ, ನುಂಗದೆ ಉಗಿಯುವುದು. ನಿಮ್ಮ ಮಾವ ಅಂಗಳದ ಬದಿಯಲ್ಲಿ ಮಾಡುವುದನ್ನೇ ಅವರು ಲ್ಯಾಬಿನಲ್ಲಿ ಮಾಡಿಸಿದ್ದು, ವ್ಯತ್ಯಾಸ ಏನಂದ್ರೆ ಅಲ್ಲಿ ಕೈಗೆ ಸೂಜಿ ಚುಚ್ಚಿ ಪಕ್ಕದಲ್ಲೇ ರಕ್ತ ತೆಗೆಯುವವರು ಕೂತಿರ್ತಾರೆ.

ಈಗ ಮಾವನ ಲೆಕ್ಕಕ್ಕೆ ಬರುವ. ಹೀಗೆ ಬರುವ ಇನ್ಸುಲಿನ್ ಒಂದು ಊಟಕ್ಕೆ ಒಟ್ಟು ಬರುವುದರ ಒಂದೆರಡು ಪರ್ಸೆಂಟಿನಷ್ಟು. ಅಷ್ಟೇ. ಹಾಗಾದ್ರೆ ಅದರಿಂದ ಪ್ರಯೋಜನ ಎಂತ ಅಂತ ಕೇಳ್ಬಹುದು. ಪ್ರಯೋಜನ ಹೊತ್ತಿನದ್ದು, ಪ್ರಮಾಣದ್ದಲ್ಲ. ನಾವು ಉಪವಾಸ ಇರುವಾಗ ಲಿವರ್ ತನ್ನಷ್ಟಕ್ಕೆ ರಕ್ತಕ್ಕೆ ಗ್ಲೂಕೋಸ್ ಬಿಡ್ತಾ ಇರ್ತದೆ, ಊಟದ ಗ್ಲೂಕೋಸೂ ಬಂದು ಲಿವರಿನದ್ದೂ ಸೇರಿದ್ರೆ ಎರಡೆರಡಾಯ್ತು. ಬೇಗ ಬರುವ ಸ್ವಲ್ಪ ಇನ್ಸುಲಿನ್, ಮೇದೋಜೀರಕದಿಂದ ಸೀದ ಹೋಗಿ ಮುಟ್ಟುವುದೇ ಲಿವರಿಗೆ, ಅಲ್ಲಿ ಗ್ಲೂಕೋಸ್ ಬಿಡುವುದನ್ನು ಕಮ್ಮಿ ಮಾಡಿಸ್ತದೆ. 2001ರಲ್ಲಿ ಬೊ ಆರೆನ್ ಮತ್ತೆ ಯೆನ್ಸ್ ಹೋಲ್ಸ್ಟ್ ಅನ್ನುವ ಇಬ್ಬರು ವಿಜ್ಞಾನಿಗಳು ಆರೋಗ್ಯವಂತ ಹೆಂಗಸರಿಗೆ ನರದ ಸಂದೇಶ ತಡೆಯುವ ಮದ್ದು ಕೊಟ್ಟು ಊಟ ಮಾಡಿಸಿದ್ರು. ಸುರುವಿನ ಹತ್ತು ನಿಮಿಷದ ಇನ್ಸುಲಿನ್ ತುಂಬಾ ಕಮ್ಮಿಯಾಯ್ತು, ಆಮೇಲೆ ಊಟದ ನಂತರದ ಶುಗರ್ ಮಾಮೂಲಿಗಿಂತ ಜಾಸ್ತಿ ಏರಿತು. ಇಲಿಗಳಲ್ಲೂ ಹೀಗೆ. ಬೀಟಾ ಕೋಶ ನಾಶ ಮಾಡಿ ಬೇರೆ ಇಲಿಯ ಬೀಟಾ ಕೋಶದ ಗುಂಪುಗಳನ್ನು ಲಿವರಿನೊಳಗೆ ಕಸಿ ಮಾಡಿದ್ರೆ, ಅವುಗಳಿಗೆ ನರದ ಸಂಪರ್ಕ ಇರುವುದಿಲ್ಲ, ಉಳಿದದ್ದೆಲ್ಲ ಸರಿ ಉಂಟು, ಆದ್ರೆ ಬಾಯಿಯ ಮೂಲಕ ತಿಂದಾಗ ಶುಗರ್ ಹಿಡಿತಕ್ಕೆ ಬರುವುದಿಲ್ಲ.

ಆದ್ರೆ ಇದೆಲ್ಲ ಮುಂದೆ ಊಟ ಬರ್ತದೆ ಅನ್ನುವ ಭರವಸೆಯಲ್ಲಿ ನಡೆಯುವ ತಯಾರಿ. ಬರೀ ಚೀಪಿ ಉಗಿದು ಆ ಒಂದೆರಡು ಪರ್ಸೆಂಟ್ ಇನ್ಸುಲಿನ್ ತರಿಸಿ ಶುಗರ್ ಇಳಿಸ್ತೇನೆ ಅಂದ್ರೆ ಆಗುವ ಕೆಲಸ ಅಲ್ಲ. ಅಲ್ಲದೆ ಶುಗರ್ ಇದ್ದವರಲ್ಲಿ ಮೊದಲು ಹಾಳಾಗುವುದೇ ಈ ಬೇಗ ಬರುವ ಇನ್ಸುಲಿನ್. ತುಂಬಾ ದಪ್ಪ ಇರುವವರಲ್ಲೂ ಇದು ಕುಂಟ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಯೂನಿವರ್ಸಿಟಿಯವರು 2022ರಲ್ಲಿ ತೋರಿಸಿದ್ದು, ಮೆದುಳಿನೊಳಗಿನ ಇಂಟರ್ಲ್ಯೂಕಿನ್-1 ಬೀಟಾ ಅನ್ನುವ ಉರಿಯೂತದ ಒಂದು ಅಣು ಈ ಸಂದೇಶಕ್ಕೆ ಬೇಕಾಗ್ತದೆ, ಅದೇ ಅಣು ಬೊಜ್ಜಿನಲ್ಲಿ ವಿಪರೀತ ಆದ್ರೆ ಸಂದೇಶ ಕೆಟ್ಟುಹೋಗ್ತದೆ ಅಂತ. ಬೀಟಾ ಕೋಶಗಳೇ ನಾಶವಾಗಿರುವ ಟೈಪ್ 1 ಶುಗರ್ ಇದ್ದವರಿಗಂತೂ ಫೋನ್ ಎಷ್ಟು ಬಂದ್ರೂ ಒಳಗೆ ಎತ್ತುವವರಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಡಾಕ್ಟ್ರು ಊಟಕ್ಕೆ ಸ್ವಲ್ಪ ಮೊದಲು ಚುಚ್ಚಿ ಅಂತ ಹೇಳುವುದೂ ಹೊತ್ತಿನ ವಿಷಯಕ್ಕೇ, ಊಟದ ಗ್ಲೂಕೋಸ್ ಬರುವಾಗ ಇನ್ಸುಲಿನ್ ರಕ್ತದಲ್ಲಿ ರೆಡಿ ಇರ್ಬೇಕು.

ಇನ್ನು ಉಗಿಯುವ ಮಾತು. ಒಮ್ಮೆ ಮಾವ ಉಗಿಯುವಾಗ ನೀವೇ ನೋಡಿ, ಬಾಯಿಗೆ ಹಾಕಿದ ತುಂಡು ಎಷ್ಟಿತ್ತು, ಹೊರಗೆ ಬಿದ್ದದ್ದು ಎಷ್ಟು. ಬೆಲ್ಲ ಕಲ್ಲಲ್ಲ, ಜೊಲ್ಲಿನಲ್ಲಿ ಕರಗಿ ಗೊತ್ತೇ ಆಗದ ಹಾಗೆ ಗಂಟಲಲ್ಲಿ ಇಳೀತದೆ, ಮತ್ತೆ ಮೇಲಿನಿಂದ ನೀರು ಬೇರೆ ಕುಡೀತಾರೆ. ಬೇಕಾದ್ರೆ ಮಾವನಿಗೆ ಹೇಳಿ, ಆಸರಿಗೆ ಮಜ್ಜಿಗೆ ಕೇಳಿದ್ರೆ ಕಾಸರಗೋಡಿನಲ್ಲಿ ಯಾರೂ ಬೇಜಾರು ಮಾಡುವುದಿಲ್ಲ ಅಂತ.

ಪ್ರಶ್ನೆ: ನಾನು ಚಪ್ಪೆ ಚಾ ಕುಡೀಲಿಕ್ಕಾಗದೆ ಸಕ್ಕರೆ ಬದಲಿಗೆ ಸಿಹಿ ಮಾತ್ರೆ ಹಾಕ್ತೇನೆ. ಯೂಟ್ಯೂಬಿನಲ್ಲಿ ಒಬ್ರು, ಆ ಮಾತ್ರೆ ನಾಲಿಗೆಯನ್ನು ಮೋಸ ಮಾಡಿ ಇನ್ಸುಲಿನ್ ತರಿಸ್ತದೆ, ಸಕ್ಕರೆ ಬಾರದೆ ಇನ್ಸುಲಿನ್ ಮಾತ್ರ ಬಂದು ಹಸಿವು ಜಾಸ್ತಿಯಾಗಿ ದಪ್ಪ ಆಗ್ತೀರಿ ಅಂತ ಹೆದರಿಸ್ತಾರೆ. ಬಿಡ್ಬೇಕಾ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಹೆದರಿಸುವವರಿಗೆ ವ್ಯೂಸ್ ಬೇಕು, ನಿಮಗೆ ಚಾ ಬೇಕು, ಇಬ್ಬರ ಅಗತ್ಯ ಬೇರೆ ಬೇರೆ. ಆದ್ರೆ ಪ್ರಶ್ನೆ ಮಾತ್ರ ಭಾರೀ ಒಳ್ಳೇದು, ನನಗೆ ಈ ಇಡೀ ವಿಷಯದಲ್ಲಿ ಇಷ್ಟ ಆದದ್ದೇ ಈ ಭಾಗ.

ಸಿಹಿ ನಮಗೆ ಗೊತ್ತಾಗುವುದು ನಾಲಿಗೆಯ ಮೇಲಿರುವ ಒಂದು ಗ್ರಾಹಕದಿಂದ (ರಿಸೆಪ್ಟರ್), ಟಿ1ಆರ್2 ಮತ್ತೆ ಟಿ1ಆರ್3 ಅನ್ನುವ ಎರಡು ಪ್ರೊಟೀನ್ ಜೋಡಿಯಾಗಿ ಆಗುವುದು ಅದು. ಸಕ್ಕರೆ, ಸ್ಯಾಕರಿನ್, ಸುಕ್ರಲೋಸ್, ಆಸ್ಪರ್ಟೇಮ್, ಸ್ಟೀವಿಯಾ, ಎಲ್ಲ ಕೂತುಕೊಳ್ಳುವುದು ಅಲ್ಲಿಯೇ. ಹಾಗಾಗಿ ಎಲ್ರೂ ಸಹಜವಾಗಿ ಅಂದುಕೊಂಡದ್ದು, ಬೇಗ ಬರುವ ಇನ್ಸುಲಿನಿಗೂ ಸುದ್ದಿ ಕೊಡುವುದು ಇದೇ ಗ್ರಾಹಕ ಅಂತ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಜಾನ್ ಗ್ಲೆಂಡಿನ್ನಿಂಗ್ ಮತ್ತೆ ಅವರ ಜೊತೆಯವರು ಇದನ್ನೇ ಪರೀಕ್ಷೆ ಮಾಡ್ಲಿಕ್ಕೆ ಹೋದ್ರು. ಹುಟ್ಟುವಾಗಲೇ ಟಿ1ಆರ್3 ಇಲ್ಲದ ಚಿಟ್ಟಿಲಿಗಳು ಸಿಗ್ತವೆ, ಅವುಗಳಿಗೆ ಸಿಹಿ ನಮ್ಮ ಹಾಗೆ ಗೊತ್ತಾಗುವುದಿಲ್ಲ. ಅವು ಗ್ಲೂಕೋಸ್ ನೀರು ನೆಕ್ಕಿದ ಮೇಲೆ ಬಾಲದ ತುದಿಯಿಂದ ರಕ್ತ ತೆಗೆದು ನೋಡಿದ್ರೆ ಇನ್ಸುಲಿನ್ ಏರಿತ್ತು! ಇದು 2015ರಲ್ಲಿ. ಅಂದ್ರೆ ಸಿಹಿ ಅನ್ನಿಸುವ ದಾರಿ ಒಂದು, ಇನ್ಸುಲಿನಿಗೆ ಸುದ್ದಿ ಹೋಗುವ ದಾರಿ ಇನ್ನೊಂದು.

2017ರಲ್ಲಿ ಅವರೇ ಇನ್ನೂ ಕೆದಕಿದ್ರು. ಮಾಮೂಲಿ ಇಲಿಗಳಿಗೆ ಒಂದೊಂದಾಗಿ ಎಲ್ಲ ಸಿಹಿಯನ್ನೂ ಕೊಟ್ರು. ಗ್ಲೂಕೋಸ್ ಕೊಟ್ರೆ ಇನ್ಸುಲಿನ್ ಬಂತು, ಸಕ್ಕರೆ ಕೊಟ್ರೆ ಬಂತು, ಮಾಲ್ಟೋಸ್ ಕೊಟ್ರೆ ಬಂತು. ಫ್ರಕ್ಟೋಸ್ ಕೊಟ್ರೆ ಬರ್ಲಿಲ್ಲ, ಸ್ಯಾಕರಿನ್ ಸುಕ್ರಲೋಸ್ ಕೊಟ್ರೂ ಬರ್ಲಿಲ್ಲ. ಸಕ್ಕರೆ ಅಂದ್ರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅಂಟಿಕೊಂಡದ್ದು, ಮಾಲ್ಟೋಸ್ ಅಂದ್ರೆ ಎರಡು ಗ್ಲೂಕೋಸ್, ಒಟ್ಟು ಗ್ಲೂಕೋಸ್ ಅಡಗಿದ್ದಲ್ಲಿ ಮಾತ್ರ ಕೆಲಸ ಆಗ್ತದೆ. ಆದ್ರೆ ಅಡಗಿದ್ದದ್ದು ಬಾಯಲ್ಲಿ ಬಿಡಿಸಿ ಹೊರಗೆ ಬರ್ಬೇಕಲ್ಲ, ಅದು ನಿಜವಾ ಅಂತ ನೋಡ್ಲಿಕ್ಕೆ ಸಕ್ಕರೆಯ ಜೊತೆ ಅಕಾರ್ಬೋಸ್ ಬೆರೆಸಿ ಕೊಟ್ರು. ಅಕಾರ್ಬೋಸ್ ಅಂದ್ರೆ ನಿಮ್ಮಲ್ಲಿ ಕೆಲವರು ಊಟದ ಮೊದಲ ತುತ್ತಿನ ಜೊತೆ ತಗೊಳ್ಳುವ ಶುಗರಿನ ಮಾತ್ರೆಯೇ, ಪಿಷ್ಟ ಸಕ್ಕರೆ ಒಡೆಯುವ ಕಿಣ್ವವನ್ನು ಅದು ತಡೀತದೆ. ಬೆರೆಸಿದ ಕೂಡಲೆ ಸಕ್ಕರೆಗೂ ಮಾಲ್ಟೋಸಿಗೂ ಇನ್ಸುಲಿನ್ ಬರುವುದು ನಿಂತುಹೋಯ್ತು. ಎಷ್ಟು ಚೆಂದದ ಪ್ರಯೋಗ ನೋಡಿ, ಒಂದೇ ಪೆಟ್ಟಿಗೆ ಅನುಮಾನ ಪರಿಹಾರ.

ಇನ್ನೂ ಉಂಟು. ಬೀಟಾ ಕೋಶದಲ್ಲಿ ಗ್ಲೂಕೋಸ್ ಬಂತು ಅಂತ ಗೊತ್ತುಮಾಡುವ ಒಂದು ಬಾಗಿಲು ಉಂಟು, ಪೊಟ್ಯಾಶಿಯಂ ಹೋಗುವ ಬಾಗಿಲು, ಕೆಎಟಿಪಿ ಚಾನೆಲ್ ಅಂತಾರೆ. ಗ್ಲೂಕೋಸ್ ಉರಿದು ಶಕ್ತಿ ಹುಟ್ಟಿದ್ರೆ ಆ ಬಾಗಿಲು ಮುಚ್ತದೆ, ಮುಚ್ಚಿದ್ರೆ ಇನ್ಸುಲಿನ್ ಹೊರಗೆ ಬರ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅನ್ನುವ ಶುಗರಿನ ಮಾತ್ರೆಗಳು ಮಾಡುವ ಕೆಲಸವೇ ಇದು, ಬಾಗಿಲು ಒತ್ತಿ ಮುಚ್ಚುವುದು. ಗ್ಲೆಂಡಿನ್ನಿಂಗ್ ಗುಂಪಿನ ಪ್ರಕಾರ ನಾಲಿಗೆಯ ರುಚಿ ಕೋಶದಲ್ಲೂ ಅದೇ ಚಾನೆಲ್ ಗ್ಲೂಕೋಸನ್ನು ಗುರುತಿಸುವುದು. ಗ್ಲಿಬೆನ್‌ಕ್ಲಮೈಡನ್ನು ಇಲಿಯ ಬಾಯಿಗೆ ಮುಟ್ಟಿಸಿದ್ರೆ ಬೇಗ ಬರುವ ಇನ್ಸುಲಿನ್ ಜಾಸ್ತಿಯಾಯ್ತು, ಚಾನೆಲ್ ತೆರೆದಿಡುವ ಡಯಾಜಾಕ್ಸೈಡ್ ಮುಟ್ಟಿಸಿದ್ರೆ ಕಮ್ಮಿಯಾಯ್ತು. ಮತ್ತೆ ತಮಾಷೆ ಏನಂದ್ರೆ ಆ ಚಾನೆಲಿನ ಒಂದು ಭಾಗ ಇಲ್ಲದ ಇಲಿಗಳಿಗೂ ಸಕ್ಕರೆ ಇಷ್ಟವೇ, ನೆಕ್ಕುವುದು ಬಿಡುವುದಿಲ್ಲ, ಇನ್ಸುಲಿನ್ ಮಾತ್ರ ಬರುವುದಿಲ್ಲ.

ಹಾಗಾಗಿ ಇಲಿಯ ಮಟ್ಟಿಗೆ ಯೂಟ್ಯೂಬಿನವರ ಮಾತು ನಿಲ್ಲುವುದಿಲ್ಲ. ಮನುಷ್ಯರಲ್ಲಿ ಫಲಿತಾಂಶ ಅಷ್ಟು ಸಾಫ್ ಇಲ್ಲ, ಜರ್ಮನಿಯ ಒಂದು ಗುಂಪು 2008ರಲ್ಲಿ ಸ್ಯಾಕರಿನ್ ನೀರನ್ನು ಬಾಯಲ್ಲಿ ಮುಕ್ಕಳಿಸಿದ್ರೂ ಸ್ವಲ್ಪ ಇನ್ಸುಲಿನ್ ಏರ್ತದೆ ಅಂತ ಕಂಡಿತು, ಅದಕ್ಕೂ ಮೊದಲು ಟೆಫ್ ಅವರಿಗೆ ಬರೀ ಸಿಹಿ ನೀರಿನಿಂದ ಏನೂ ಏರಿದ್ದು ಕಾಣಲಿಲ್ಲ. ಏರಿದ್ರೂ ಅದು ಆ ಒಂದೆರಡು ಪರ್ಸೆಂಟಿನ ಲೆಕ್ಕದ್ದು, ಹತ್ತು ನಿಮಿಷದಲ್ಲಿ ಇಳಿಯುವಂಥದ್ದು. ಅದರಿಂದ ದಪ್ಪ ಆಗ್ತೀರಿ ಅನ್ನುವುದು ಲೆಕ್ಕ ಅಲ್ಲ, ಲೆಕ್ಕದ ಮೇಲೆ ಬರೆದ ಯಕ್ಷಗಾನ ಪ್ರಸಂಗ. ಚಾಕ್ಕೆ ಒಂದು ಮಾತ್ರೆ ಹಾಕಿ ಕುಡೀರಿ. ಆದ್ರೆ ಜೊತೆಗೆ ನಾಲ್ಕು ಬಿಸ್ಕೆಟ್ ಅದ್ದಿ ತಿಂತೀರಾ ಇಲ್ವಾ ಅಂತ ನೀವು ಬರೆದಿಲ್ಲ, ನನಗೆ ಅನುಮಾನ ಅಲ್ಲಿಯೇ.

ಪ್ರಶ್ನೆ: ನಮ್ಮದು ಮೂರು ಹೊತ್ತೂ ಕುಚ್ಚಲಕ್ಕಿ. ಅದರಲ್ಲಿ ಸಿಹಿಯೇ ಇಲ್ಲ, ಹಾಗಾದ್ರೆ ಅನ್ನ ತಿನ್ನುವಾಗ ನಾಲಿಗೆಯಿಂದ ಇನ್ಸುಲಿನಿಗೆ ಸುದ್ದಿ ಹೋಗುವುದಿಲ್ವಾ? ಅಜ್ಜಿ ಅಗಿದು ತಿನ್ನು ಅಗಿದು ತಿನ್ನು ಅಂತ ಹೇಳ್ತಿದ್ದದ್ದು ಇದಕ್ಕೇನಾ?
– ಓದುಗರೊಬ್ಬರು, ಕುಂಬಳೆ

ಉತ್ತರ: ಅಜ್ಜಿ ಹೇಳ್ತಿದ್ದದ್ದು ಗಂಟಲಿಗೆ ಸಿಕ್ಕಿಹಾಕಿಕೊಳ್ಳದಿರ್ಲಿ ಅಂತ ಇರ್ಬೇಕು, ಆದ್ರೂ ಕ್ರೆಡಿಟ್ ಕೊಡುವ. ಅನ್ನದ ತುತ್ತನ್ನು ಪಲ್ಯ ಗಿಲ್ಯ ಏನೂ ಸೇರಿಸದೆ ಬಾಯಲ್ಲೇ ಇಟ್ಟುಕೊಂಡು ಅಗೀತಾ ಹೋಗಿ, ಸ್ವಲ್ಪ ಹೊತ್ತಿಗೆ ತೆಳ್ಳಗೆ ಒಂದು ಸಿಹಿ ಸುರುವಾಗ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಮಾಡುವುದರಿಂದ ಅದು. ಇಲಿಯ ಪ್ರಯೋಗದಲ್ಲಿ ಮಾಲ್ಟೋಸಿನಿಂದ ಗ್ಲೂಕೋಸ್ ಬಾಯಲ್ಲೇ ಬಿಡುಗಡೆಯಾಗಿ ಸುದ್ದಿ ಹೋಯ್ತಲ್ವಾ, ಹಾಗೆ ಅನ್ನಕ್ಕೂ ಒಂದು ದಾರಿ ಉಂಟು.

ಎಲ್ಲರ ಜೊಲ್ಲಿನಲ್ಲೂ ಅಮೈಲೇಸ್ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಅದನ್ನು ಮಾಡಿಸುವ ಎಎಂವೈ1 ಅನ್ನುವ ಜೀನಿನ ಪ್ರತಿಗಳು ಕೆಲವರಲ್ಲಿ ಎರಡೇ, ಕೆಲವರಲ್ಲಿ ಹತ್ತಕ್ಕಿಂತಲೂ ಜಾಸ್ತಿ, ತಲೆಮಾರಿನಿಂದ ಪಿಷ್ಟ ಜಾಸ್ತಿ ತಿನ್ನುವ ಜನಾಂಗಗಳಲ್ಲಿ ಸರಾಸರಿ ಹೆಚ್ಚು ಅಂತ 2007ರಲ್ಲಿ ಗೊತ್ತಾಯ್ತು. 2012ರಲ್ಲಿ ಮೊನೆಲ್ ಸಂಸ್ಥೆಯ ಮ್ಯಾಂಡೆಲ್ ಮತ್ತು ಬ್ರೆಸ್ಲಿನ್ ಜೊಲ್ಲಿನಲ್ಲಿ ಅಮೈಲೇಸ್ ಜಾಸ್ತಿ ಇರುವವರಿಗೂ ಕಮ್ಮಿ ಇರುವವರಿಗೂ ಪಿಷ್ಟ ಕುಡಿಸಿ ನೋಡಿದ್ರು. ಜಾಸ್ತಿ ಇದ್ದವರು ಬೇಗ ಒಡೀತಾರೆ, ಹಾಗಾಗಿ ಅವರ ಶುಗರೇ ಜಾಸ್ತಿ ಏರ್ಬೇಕು ಅಂತ ಯಾರಿಗಾದ್ರೂ ಅನ್ನಿಸ್ತದೆ. ಆದದ್ದು ಉಲ್ಟಾ. ಅವರಿಗೆ ಮೊದಲ ಒಂಬತ್ತು ನಿಮಿಷದೊಳಗೇ ಇನ್ಸುಲಿನ್ ಏರಿತು, ಶುಗರ್ ಕಮ್ಮಿ ಏರಿತು. ಅದೇ ಅವರಿಗೆ ಪಿಷ್ಟದ ಬದಲು ಸೀದ ಗ್ಲೂಕೋಸ್ ಕೊಟ್ರೆ ಈ ವ್ಯತ್ಯಾಸ ಇಲ್ಲ.

ಹಾಗಂತ ಕುಚ್ಚಲಕ್ಕಿ ಗಂಜಿ ಬಟ್ಟಲಿಗೆ ಬಟ್ಟಲು ಏರಿಸ್ಬೇಡಿ. ಮತ್ತೆ ಗಂಜಿಯನ್ನು ಯಾರು ಅಗೀತಾರೆ ಮಾರಾಯ್ರೆ, ಉಪ್ಪಿನಕಾಯಿ ನೆಕ್ಕಿ ಸುರ್ ಅಂತ ಎಳೆಯುವುದೇ.

ಪ್ರಶ್ನೆ: ಖಾಲಿ ಹೊಟ್ಟೆಯ ಶುಗರ್ ಟೆಸ್ಟಿಗೆ ಹೋಗುವಾಗ ಎಲೆ ಅಡಿಕೆ ಹಾಕಿಕೊಂಡು ಹೋಗ್ಬಹುದಾ? ನುಂಗುವುದಿಲ್ಲ, ಉಗಿಯುವುದೇ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೇಡ. ಆ ಒಂದು ಬೆಳಿಗ್ಗೆ ಬಾಯಿಗೆ ನೀರು ಬಿಟ್ಟು ಬೇರೆ ಎಂತ ಹಾಕ್ಲೇ ಬೇಡಿ, ಚೂಯಿಂಗ್ ಗಮ್ ಕೂಡ ಬೇಡ. ಅಗಿಯುವ ಕೆಲಸವೇ ದೇಹಕ್ಕೆ ಊಟದ ಸೂಚನೆ. ಅಡಿಕೆಯಲ್ಲಿ ಅದಕ್ಕಿಂತ ಜಾಸ್ತಿ ಉಂಟು, ಅದರ ಅರೆಕೋಲಿನ್ ಅನ್ನುವ ಅಂಶ, ನರದ ಸುದ್ದಿ ದಾಟಿಸುವ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಕೂರುವ ಮಸ್ಕರಿನಿಕ್ ಗ್ರಾಹಕಗಳ ಮೇಲೆಯೇ ಹೋಗಿ ಕೂರ್ತದೆ. ವೇಗಸ್ ನರ ತನ್ನ ಸುದ್ದಿ ಮುಟ್ಟಿಸುವುದೂ ಅಸಿಟೈಲ್‌ಕೋಲಿನ್ ಮೂಲಕವೇ. ಎಲೆ ಅಡಿಕೆ ಹಾಕಿದ್ರೆ ಬಾಯಿ ತುಂಬಾ ಜೊಲ್ಲು ಬರುವುದು ಈ ಕಾರಣಕ್ಕೆ. ಟೆಸ್ಟಿನ ದಿನ ಇಷ್ಟೆಲ್ಲ ಗಲಾಟೆ ಯಾಕೆ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಟ್ಟಿಗೆ ಹಾಕಿದ್ದೂ ನಿಮಗೆ ಗೊತ್ತಿರ್ತದೆ, ಅದನ್ನು ಬರೆದ್ರೆ ನಮ್ಮ ತೋಟದವರು ನನ್ನ ಮೇಲೆ ಕಣ್ಣು ಬಿಡ್ತಾರೆ, ನನ್ನದೂ ನಾಲ್ಕು ಮರ ಉಂಟು, ಆದ್ರೂ ಬರೀಲೇಬೇಕು.

ಪ್ರಶ್ನೆ: ಮಧುನಾಶಿನಿ ಎಲೆ ಜಗಿದ್ರೆ ಸಕ್ಕರೆ ಮಣ್ಣಿನ ಹಾಗೆ ಆಗ್ತದೆ. ಅಂದ್ರೆ ಸಕ್ಕರೆ ನಾಶ ಆಯ್ತು ಅಂತಲಾ? ಎಲೆ ಜಗಿದು ಪಾಯಸ ಉಂಡ್ರೆ ಶುಗರ್ ಏರುವುದಿಲ್ಲ ಅಂತ ಒಬ್ರು ಹೇಳಿದ್ರು.
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಸಕ್ಕರೆ ಎಲ್ಲಿಯೂ ಹೋಗುವುದಿಲ್ಲ, ಹೋಗುವುದು ನಿಮ್ಮ ನಾಲಿಗೆಯ ಅರಿವು ಮಾತ್ರ. ಆ ಎಲೆಯ ಜಿಮ್ನೆಮಿಕ್ ಆಮ್ಲ ಮೇಲೆ ಹೇಳಿದ ಟಿ1ಆರ್3ಕ್ಕೆ ಅಂಟಿಕೊಂಡು ಸ್ವಲ್ಪ ಹೊತ್ತು ಸಿಹಿ ಗೊತ್ತಾಗದ ಹಾಗೆ ಮಾಡ್ತದೆ, ಉಪ್ಪು ಹುಳಿ ಎಲ್ಲ ಮಾಮೂಲಿ. ಸಕ್ಕರೆ ಹರಳು ನಾಲಿಗೆಯ ಮೇಲೆ ಮರಳಿನ ಹಾಗೆ ಕರಕರ ಅನ್ನುವುದು ನಿಜ, ಮಕ್ಕಳಿಗೆ ತೋರಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ಪ್ರಯೋಗ ಇಲ್ಲ, ಖರ್ಚೂ ಇಲ್ಲ. ಆದ್ರೆ ಪಾಯಸದ ಬೆಲ್ಲ ಕರುಳಿಗೆ ಹೋಗಿ ರಕ್ತಕ್ಕೆ ಸೇರಿಯೇ ಸೇರ್ತದೆ. ರುಚಿಯೂ ಇಲ್ಲ, ಶುಗರೂ ಏರಿತು, ಅಷ್ಟು ಚೆಂದದ ಪಾಯಸಕ್ಕೆ ಈ ಗತಿ ಯಾಕೆ? ಎಲೆಯ ಪುಡಿಯನ್ನು ಮದ್ದಿನ ಜೊತೆ ತಗೊಳ್ಳುವವರು ಡಾಕ್ಟ್ರಿಗೆ ತಿಳಿಸಿ, ಎರಡೂ ಸೇರಿ ಶುಗರ್ ತೀರಾ ಇಳಿದ್ರೆ ಕಷ್ಟ. ಹಾಗೆ ಇಳಿದು, 70ಕ್ಕಿಂತ ಕೆಳಗೆ ಬಂದು ಕೈ ನಡುಗ್ಲಿಕ್ಕೆ ಸುರುವಾದ್ರೆ ಸಕ್ಕರೆ ಅಥವಾ ಗ್ಲೂಕೋಸ್ ನೀರು ಕುಡೀಬೇಕು, ಬಾಯಲ್ಲಿಟ್ಟುಕೊಂಡ್ರೆ ಸಾಲುವುದಿಲ್ಲ, ನುಂಗ್ಬೇಕು. ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಹೋಗುವ ಗ್ಲೂಕೋಸ್ ಎಲ್ಲಿಗೂ ಸಾಕಾಗುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹೊಯ್ಯಬೇಡಿ, ಸೀದ ಆಸ್ಪತ್ರೆಗೆ.

ಪ್ರಶ್ನೆ: ಸೆವೆನ್ಸ್ ಫುಟ್ಬಾಲ್ ಆಡುವಾಗ ಕೆಲವು ಪ್ಲೇಯರುಗಳು ಎನರ್ಜಿ ಡ್ರಿಂಕ್ ಬಾಯಿ ಮುಕ್ಕಳಿಸಿ ಉಗೀತಾರೆ. ಸ್ಟೈಲಿಗಾ?
– ಓದುಗರೊಬ್ಬರು, ಉಪ್ಪಳ

ಉತ್ತರ: ಕೆಲವರು ಸ್ಟೈಲಿಗೇ. ಆದ್ರೆ ವಿಷಯ ಉಂಟು. 2004ರಲ್ಲಿ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲಿ ಸುಮಾರು ಒಂದು ಗಂಟೆಯ ಸೈಕಲ್ ಓಟದ ಮಧ್ಯೆ ಮಧ್ಯೆ ಸವಾರರಿಗೆ ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಪುಡಿಯ ನೀರು ಮುಕ್ಕಳಿಸಿ ಉಗೀಲಿಕ್ಕೆ ಹೇಳಿದ್ರು, ಬರೀ ನೀರು ಮುಕ್ಕಳಿಸಿದ್ದಕ್ಕಿಂತ ಮೂರು ಪರ್ಸೆಂಟಿನ ಹತ್ತಿರ ಸುಧಾರಣೆ ಸಿಕ್ಕಿತು. ಮಾಲ್ಟೋಡೆಕ್ಸ್‌ಟ್ರಿನ್ನಿಗೆ ಸಿಹಿ ಇಲ್ಲ ಅಂತಲೇ ಹೇಳ್ಬಹುದು. 2009ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಬಾಯಲ್ಲಿ ಗ್ಲೂಕೋಸೋ ಮಾಲ್ಟೋಡೆಕ್ಸ್‌ಟ್ರಿನ್ನೋ ಇದ್ದಾಗ ಚುರುಕಾಗುವ ಕೆಲವು ಭಾಗಗಳು ಸ್ಯಾಕರಿನ್ನಿಗೆ ಚುರುಕಾಗಲಿಲ್ಲ. ಇಲ್ಲಿಯೂ ಬಾಯಿಗೆ ಸಿಹಿಗಿಂತ ಬೇರೆ ಏನೋ ಗೊತ್ತಾಗ್ತದೆ ಅಂತಾಯ್ತು. ಆದ್ರೆ ಇದು ಇನ್ಸುಲಿನಿನ ಕೆಲಸ ಅಲ್ಲ, ಮೆದುಳಿಗೆ ಸಿಗುವ ಉತ್ತೇಜನ. ಹೊಟ್ಟೆ ತುಂಬಾ ಊಟ ಮಾಡಿ ಬಂದವರಿಗೆ ಪ್ರಯೋಜನ ಕಮ್ಮಿ.

ಪ್ರಶ್ನೆ: ಮಾಷ್ಟ್ರೇ, ಪಾಯಸದ ಹೆಸರು ಕೇಳಿದ್ರೆ ನನಗೆ ಬಾಯಲ್ಲಿ ನೀರು ಬರ್ತದೆ. ಇನ್ಸುಲಿನೂ ಬರ್ತದಾ? ಮತ್ತೆ ಊಟದ ಬೆಲ್ಲಿಗೆ ಮೊದಲಿನ ಲೆಕ್ಕದ ಪಿರಿಯಡಿನಲ್ಲಿ ದಿನಾ ಹಸಿವಾಗುವುದು ಯಾಕೆ?
– ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿ, ನೀರ್ಚಾಲು

ಉತ್ತರ: ಜೊಲ್ಲು ಬರುವುದಕ್ಕೆ ಹೆಸರು ಸಾಕು ಮಗಾ, ಇನ್ಸುಲಿನಿಗೆ ಸ್ವಲ್ಪ ಜಾಸ್ತಿ ಸಾಕ್ಷಿ ಬೇಕು. ನೋಡಿದ್ರೆ, ಪರಿಮಳ ಬಂದ್ರೆ ಕೆಲವರಲ್ಲಿ ಸ್ವಲ್ಪ ಏರ್ತದೆ, ಬಾಯಿಗೆ ಹಾಕಿ ಅಗಿದ್ರೆ ಅದಕ್ಕಿಂತ ಗಟ್ಟಿಯಾಗಿ ಏರ್ತದೆ.

ಎರಡನೇ ಪ್ರಶ್ನೆಗೆ ಇಲಿಯ ಹತ್ರ ಉತ್ತರ ಉಂಟು. ಅಮೆರಿಕದ ಸ್ಟೀಫನ್ ವುಡ್ಸ್ ಮತ್ತೆ ಅವರ ಜೊತೆಯವರು 1970ರ ದಶಕದಲ್ಲಿ ಇಲಿಗಳಿಗೆ ದಿನಾ ಒಂದೇ ಹೊತ್ತಿಗೆ ಊಟ ಹಾಕಿದ್ರು. ಕೆಲವು ದಿನ ಕಳೆದ ಮೇಲೆ ಆ ಹೊತ್ತಾದ್ರೆ ಸಾಕು, ಊಟ ಇಡದಿದ್ರೂ ಇನ್ಸುಲಿನ್ ಏರ್ಲಿಕ್ಕೆ ಸುರು. ಊಟದ ಜೊತೆ ದಿನಾ ಒಂದು ವಾಸನೆ ಕೊಟ್ಟು ಅಭ್ಯಾಸ ಮಾಡಿಸಿದ್ರೆ ಆ ವಾಸನೆಗೂ ಹಾಗೆಯೇ. ನಿನ್ನ ದೇಹಕ್ಕೂ ಬೆಲ್ ಯಾವಾಗ ಅಂತ ಬೆಲ್ ಹೊಡೆಯುವವರಿಗಿಂತ ಮೊದಲೇ ಗೊತ್ತಾಗಿರ್ತದೆ. ಇದರಲ್ಲಿ ಲೆಕ್ಕದ ಮಾಷ್ಟ್ರದ್ದು ತಪ್ಪೇನಿಲ್ಲ.